ಹಿಂದೆ ಬರುವವನೇ ಬಟ್ಟೆ ಕಟ್ಟಬೇಕು

ಜಮಖಂಡಿ,
ಭಾನುವಾರ ಸಂಜೆ

ಗೆಳೆಯ ಅಮೋಲ,

ಫೋನ್ ಮಾಡಿದರೆ ಎತ್ತುವುದಿಲ್ಲ ನೀನು. ಬನಹಟ್ಟಿಗೆ ಬಂದರೆ ನಿಮ್ಮವ್ವ ಚಹಾ ಕೊಟ್ಟು, "ಮಲಕೊಂಡಾನಪಾ" ಎಂದು ಸುಳ್ಳು ಹೇಳುತ್ತಾಳೆ. ಒಳಗಿನಿಂದ ನಿನ್ನ ಕೆಮ್ಮು ಕೇಳುತ್ತಿರುತ್ತದೆ. ಅದಕ್ಕೇ ಈ ಪತ್ರ. ಹರಿದು ಒಗೆಯುವುದಾದರೂ ಓದಿ ಹರಿ.

ನಮ್ಮ ಮೂರು ಬಣ್ಣದ ಬಟ್ಟೆಗಳು ನೆನಪಿವೆಯಾ? ನಿಮ್ಮ ಮಗ್ಗದ ಮನೆಯ ಚಿಂದಿ. ಗುಡ್ಡ, ಹೊಲಗಳ ಹಾದಿಯಲ್ಲಿ ಬೈಕ್ ಓಡಿಸಲು ಭಾನುವಾರ ಬರುವವರಿಗೆ ಹಾದಿ ಎಷ್ಟು ಕಷ್ಟದ್ದೆಂದು ತಿಳಿಯಲು ಜಾಲಿಗಿಡಕ್ಕೆ ಕಟ್ಟಿದ ಬಟ್ಟೆ ನೋಡಿದರೆ ಸಾಕಿತ್ತು. ಬೈಕಿನ ಮೇಲೆ ಹಾಲಿನ ಕ್ಯಾನ್ ಒಯ್ಯಬಲ್ಲವನಿಗೆ ಬಿಳಿ, ಸ್ವಲ್ಪ ಕೈ ಪಳಗಿದವನಿಗೆ ಹಳದಿ, ಬಿದ್ದು ಎದ್ದು ಕಲಿತವನಿಗೆ ಮಾತ್ರ ಕೆಂಪು. ಬೀಳಗಿ ಕಡೆಯ ಗುಡ್ಡದ ಬನ್ನಿಗಿಡಕ್ಕೆ ನೀನು ಕಟ್ಟಿದ ಕೆಂಪು ಬಟ್ಟೆಗೆ ಹೆಂಗಸರು ಕುಂಕುಮ ಹಚ್ಚಿ ಕಾಯಿ ಒಡೆಯತೊಡಗಿದಾಗ ನಕ್ಕು ನಕ್ಕು ಸಾಕಾಗಿತ್ತು. "ಇನ್ನ ಇದನ್ನ ಹಳದಿ ಮಾಡಾಕ ಬರಂಗಿಲ್ಲಲೇ ವೀರೂ, ದೇವಿ ಸಿಟ್ಟಾಗ್ತಾಳ" ಎಂದಿದ್ದೆ ನೀನು.

ಮುಂದೆ ಹೋಗುವವನು ನಾನು, ಬಟ್ಟೆ ಕಟ್ಟುವವನು ನೀನು. ನನ್ನ ಕಣ್ಣಿಗೆ ಎಲ್ಲ ಹಾದಿಯೂ ಬಿಳಿಯೇ. "ನೀ ಹಾರಿ ಹೋಗಾಂವ, ನಿನಗೇನ ತಿಳೀತೈತಿ? ಹಿಂದ ಬರಾಂವ ಕಟ್ಟಬೇಕು" ಎಂದು ನೀನು ಗದರುತ್ತಿದ್ದೆ. ಅದೇ ನಮ್ಮ ಕಾನೂನಾಯಿತು.

ಆಮೇಲೆ ಮಹಾಲಿಂಗಪುರ ರಸ್ತೆಯಲ್ಲಿ ಆ ಕಬ್ಬಿನ ಟ್ರ್ಯಾಕ್ಟರ್ ನಿನ್ನ ಮೊಣಕಾಲು ಮುರಿಯಿತು. ಆಸ್ಪತ್ರೆಯಲ್ಲಿ ನೀನು ಗೋಡೆಯ ಕಡೆ ಮುಖ ಮಾಡಿ, "ಇನ್ನ ನಾ ಬಿಳಿ ಹಾದಿಗೂ ಬರಂಗಿಲ್ಲ. ನೀ ಹೋಗ" ಎಂದೆ. ಹೋಗುತ್ತಿದ್ದೇನೆ. ಯಾರ್ಯಾರೋ ಜೊತೆಗೆ ಬರುತ್ತಾರೆ, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ನಾನು ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ ಹಿಂದೆ ನೋಡುತ್ತೇನೆ. ಖರೆ ಹೇಳಲಾ, ಇಷ್ಟು ಮಂದಿಯ ನಡುವೆ ನನಗೆ ಮಾತಾಡಲು ಯಾರೂ ಇಲ್ಲ ಮಾರಾಯಾ.

ಇವತ್ತು ಹುನ್ನೂರಿನ ಕಬ್ಬಿನ ಹೊಲಗಳ ನಡುವೆ ಹೊಸ ಹಾದಿ ನೋಡಲು ಒಬ್ಬನೇ ಹೋಗಿದ್ದೆ. ಅಂಗೈಯಂತೆ ಸಪಾಟು, ಕಣ್ಣು ಮುಚ್ಚಿ ಬಿಳಿ ಕಟ್ಟಬಹುದು ಅಂದುಕೊಂಡೆ. ಯಾರೋ ಕಬ್ಬಿಗೆ ನೀರು ಬಿಟ್ಟಿದ್ದರು. ಎರೆಮಣ್ಣಿನಲ್ಲಿ ಚಕ್ರ ಜಾರಿ, ಬೈಕ್ ನನ್ನ ಕಾಲ ಮೇಲೆಯೇ ಬಿತ್ತು. ಬಿದ್ದಲ್ಲಿಂದಲೇ, "ಅಮೋಲಾ, ಎತ್ತಾಕ ಬಾರಲೇ!" ಎಂದು ಕೂಗಿದೆ. ಪಕ್ಕದಲ್ಲಿ ಕಸ ತೆಗೆಯುತ್ತಿದ್ದ ರುಕ್ಮವ್ವ ಎಂಬ ಮುದುಕಿ ಓಡಿಬಂದು ಗಾಡಿಗೆ ಕೈ ಹಚ್ಚಿದಳು. ಆಮೇಲೆ ಹಾದಿಯುದ್ದಕ್ಕೂ ನೋಡಿ, "ಯಾರನ್ನ ಕರದಿಯೋ ತಮ್ಮಾ? ಹಿಂದ ಯಾರೂ ಇಲ್ಲಲ್ಲೋ" ಎಂದಳು. ಕಾಲಿಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಆದರೆ ಬದುವಿನ ಮೇಲೆ ಕುಳಿತು ಅತ್ತುಬಿಟ್ಟೆ, ಆ ಮುದುಕಿಯ ಎದುರಿಗೇ.

ಆ ಹಾದಿಗೆ ಯಾವ ಬಟ್ಟೆಯನ್ನೂ ಕಟ್ಟದೆ ಬಂದಿದ್ದೇನೆ. ನೀನಿದ್ದರೆ ಅದು ಬಿಳಿ. ನಾನೊಬ್ಬನೇ ಆದರೆ ಕೆಂಪು. ಏನು ಕಟ್ಟಲಿ ಹೇಳು?

ಬರುವ ಭಾನುವಾರ ನಿಮ್ಮ ಮನೆ ಮುಂದೆ ಹಾರ್ನ್ ಹೊಡೆಯುತ್ತೇನೆ. ನೀನು ಗಾಡಿ ಓಡಿಸುವುದು ಬೇಡ, ನನ್ನ ಬೆನ್ನ ಹಿಂದೆ ಕೂಡು. ಮೂರೂ ಬಣ್ಣದ ಚಿಂದಿ ಜೇಬಿನಲ್ಲಿಟ್ಟುಕೊಂಡು ಬಾ.

ನಿನ್ನ ಮೊಣಕಾಲಿಗೆ ಬಲ ಬರಲಿ. ನಿಮ್ಮವ್ವನಿಗೆ ಇನ್ನು ಸುಳ್ಳು ಹೇಳುವ ಕೆಲಸ ತಪ್ಪಲಿ.

ತಿರುವಿನಲ್ಲಿ ನಿಂತಿರುವ,
ನಿನ್ನ ವೀರೇಶ