ಮಂಗಟ್ಟೆಯ ಬಾಗಿಲು

ಅತ್ತಿಗೆ,

ಹಿತ್ತಿಲಿನ ಬುಟ್ಟಿಯನ್ನು ಸದ್ದು ಮಾಡದೆ ತೆರೆಯಿರಿ. ಒಳಗೆ ಹೆಣ್ಣು ಮಂಗಟ್ಟೆ ಹಕ್ಕಿ ಇದೆ. ನಿನ್ನೆಯ ಗಾಳಿಮಳೆಗೆ ಅವಳ ಗೂಡಿದ್ದ ಮರದ ಪೊಟರೆಯಲ್ಲಿ ನೀರು ತುಂಬಿ ಮರಿ ಸತ್ತಿತು. ಅದನ್ನು ನಾನೇ ಹೂತಿದ್ದೇನೆ.

ನೀರಿಗೆ ದಾರಿ ಮಾಡಿಕೊಟ್ಟವನೂ ನಾನೇ. ಗಂಡು ಹಕ್ಕಿ ಅವಳನ್ನು ಪೊಟರೆಯೊಳಗೆ ಸೆರೆಯಲ್ಲಿಟ್ಟಿದೆ ಎಂದು ಊಟದ ಹೊತ್ತಿಗೆ ನಾನು ಭಾಷಣ ಬಿಗಿದಾಗ ನೀವು ನಕ್ಕಿರಿ: "ಅದು ಜೈಲಲ್ಲ ಮಾರಾಯ, ಬಾಣಂತಿ ಕೋಣೆ. ಬಾಗಿಲು ಹಾಕಿಕೊಂಡದ್ದು ಅವಳೇ. ನಿನಗೆಂತ ಅವಸರ?" ನಾನು ಓದುವ ಪುಸ್ತಕಗಳಲ್ಲಿ ಬಾಗಿಲು ಒಡೆದವನೇ ದೊಡ್ಡವನು. ಮೊನ್ನೆ ಏಣಿ ಇಟ್ಟು, ಅವಳು ಒಳಗಿನಿಂದ ಪೊಟರೆಯ ಬಾಯಿಗೆ ಮೆತ್ತಿಕೊಂಡಿದ್ದ ಗೋಡೆಯನ್ನು ಕತ್ತಿಯಿಂದ ಕೆತ್ತಿ ತೆಗೆದೆ. ನಿಮಗೆ ಹೇಳಲಿಲ್ಲ.

ಗೂಡಿನಲ್ಲಿ ಉದುರಿಸಿಕೊಂಡ ರೆಕ್ಕೆಯ ಗರಿ ಇನ್ನೂ ಬಂದಿಲ್ಲ, ಹಾರಲಾರಳು. ನಾನು ಕೊಟ್ಟ ಬಾಳೆಹಣ್ಣನ್ನು ಮುಟ್ಟಲಿಲ್ಲ.

ಬೆಕ್ಕನ್ನು ಒಳಗೆ ಕೂಡಿಹಾಕಿ. ಬುಟ್ಟಿಯ ಮುಚ್ಚಳ ತೆಗೆದು ಅದೇ ಮರದ ಬುಡದಲ್ಲಿಡಿ.

ಗಂಡು ಬೆಳಿಗ್ಗೆಯಿಂದ ಗೋಳಿಹಣ್ಣು ಕಚ್ಚಿಕೊಂಡು ಬರಿದಾದ ಪೊಟರೆಗೆ ಬಂದು ಹೋಗುತ್ತಿದೆ. ನಿಮಗೆ ಹೆದರುವುದಿಲ್ಲ, ನನ್ನ ತಲೆ ಕಂಡರೆ ಹಾರಿಬಿಡುತ್ತದೆ. ಅದಕ್ಕೇ ಕಲ್ಲುಗುಂಡಿ ಪೇಟೆಗೆ ಹೊರಟಿದ್ದೇನೆ. ಅಲ್ಲಿ ನನಗೆ ಬೇರೆ ಕೆಲಸವಿಲ್ಲ. ಅದು ಕೆಳಗಿಳಿದು ಅವಳಿಗೆ ತಿನ್ನಿಸಿದ್ದನ್ನು ಕಂಡ ಮೇಲೆ ಬಸ್ಸಿನ ತ್ಯಾಂಪಣ್ಣನ ಹತ್ತಿರ ಹೇಳಿ ಕಳಿಸಿ. ಆಮೇಲೆ ಬರುತ್ತೇನೆ.

ಶ್ಯಾಮ