ತಮ್ಮ ಹಾಕಿಕೊಟ್ಟ ಗ್ರಾಫಿಕ್ಸ್ ಕಾರ್ಡ್

ಮಂಗಳವಾರ, ಅಕ್ಟೋಬರ್ ೧೪

ಇವತ್ತೂ ಅನಿಮೇಷನ್ ಅರ್ಧದಲ್ಲೇ ನಿಂತು ಕಂಪ್ಯೂಟರ್ ಪರದೆ ಕಪ್ಪಾಯಿತು. ತಮ್ಮ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಟ್ಟಾಗಿನಿಂದ ಇದೇ ಗೋಳು. ಸಿಟ್ಟು ನೆತ್ತಿಗೇರಿ, "ಕೆಟ್ಟ ಮಾಲು ತಂದು ನನ್ನ ತಲೆಗೆ ಕಟ್ಟಿದ್ದೀಯ" ಎಂದು ಫೋನಿನಲ್ಲೇ ಅವನ ಮೇಲೆ ಹರಿಹಾಯ್ದೆ.

ಸಂಜೆ ರಿಪೇರಿಯವರು ಬಂದು ನೋಡಿದರು. ಕಾರ್ಡ್ ಚೆನ್ನಾಗಿಯೇ ಇದೆಯಂತೆ. "ಒಳಗೆ ಕರೆಂಟ್ ಕೊಡೋ ಈ ಹಳೇ ಪವರ್ ಸಪ್ಲೈಗೆ ಇಷ್ಟು ಭಾರ ತಡ್ಕೊಳ್ಳೋಕಾಗಲ್ಲ ಮೇಡಂ. ಇದನ್ನೂ ಬದಲಾಯಿಸಿ ಅಂತ ಯಾರೂ ಹೇಳ್ಲಿಲ್ವಾ?"

ಹೇಳಿದ್ದ. ತಮ್ಮ ಅವತ್ತೇ ಹೇಳಿದ್ದ. ಚೆನ್ನಾಗಿರುವುದನ್ನು ಯಾಕೆ ಎಸೆಯಬೇಕು ಎಂದು ನಾನೇ ಅವನ ಬಾಯಿ ಮುಚ್ಚಿಸಿದ್ದೆ.

ಫೋನ್ ಮಾಡಿ ವಿಷಯ ತಿಳಿಸಿದೆ. ರೇಗುತ್ತಾನೆ ಅಂದುಕೊಂಡಿದ್ದೆ. "ಅಯ್ಯೋ ಅಕ್ಕಾ, ತಪ್ಪು ನಂದೇ. ಅವತ್ತೇ ಹಟ ಹಿಡಿದು ಬದಲಾಯಿಸ್ಬೇಕಿತ್ತು" ಎಂದ. ಬೈದಿದ್ದರೇ ವಾಸಿಯಿತ್ತು. ನಾನು "ಹೂಂ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟೆ. ಹೂಂ ಅಂತೆ! ಇಲ್ಲ ಕಣೋ, ತಪ್ಪು ನಂದು ಅನ್ನುವುದಕ್ಕೆ ಈ ನಾಲಿಗೆಗೆ ಅದೇನು ಭಾರವೋ!