ರಾಜನ ಹೆಸರಿನ ಸಾಲು

1765 ನವೆಂಬರ್ 1, ಶುಕ್ರವಾರ. ಮಿಲ್‌ಕೋವ್, ಕನೆಕ್ಟಿಕಟ್

ಬೆಳಗಿನಿಂದ ಮೇಣದಬತ್ತಿಯ ಕೆಲಸ. ಕೊಬ್ಬು ಕರಗಿಸಿ, ಬತ್ತಿ ಅದ್ದಿ, ತೂಗುಹಾಕಿ, ಮತ್ತೆ ಅದ್ದಿ... ಕೈಯೆಲ್ಲ ಜಿಡ್ಡು. ಪಾದ್ರಿಯ ಮನೆಗೆ ಎಷ್ಟು ಬತ್ತಿಯಿದ್ದರೂ ಸಾಲದು. ಇವರು ಪ್ರವಚನ ಬರೆಯಲು ಕುಳಿತರೆ ಏಳುವುದೇ ಇಲ್ಲ.

ಇಂದಿನಿಂದ ಛಾಪಾ ಕಾಗದದ ಕಾನೂನು. ಮದುವೆಗೆ, ಉಯಿಲಿಗೆ, ಪತ್ರಿಕೆಗೆ — ಎಲ್ಲಕ್ಕೂ ಲಂಡನ್ನಿನ ಛಾಪೆ ಬಿದ್ದ ಕಾಗದವೇ ಬೇಕಂತೆ. ತೆರಿಗೆ ಹಾಕಿದವರು ಅಲ್ಲಿನ ಪಾರ್ಲಿಮೆಂಟಿನವರು. ನಮ್ಮವನೊಬ್ಬನೂ ಅಲ್ಲಿಲ್ಲ.

ಮಧ್ಯಾಹ್ನ ಜೇಬೆಜ್ ಬಂದ. ತಮ್ಮ ಅನ್ನಬೇಕೋ ಮಗ ಅನ್ನಬೇಕೋ — ಅಮ್ಮ ಹೋದ ಮೇಲೆ ಸಾಕಿದವಳು ನಾನೇ. ನಮಗೆ ಮಕ್ಕಳಿಲ್ಲ. ಈಗ ದೋಣಿ ಕಟ್ಟುತ್ತಾನೆ, ದೊಡ್ಡವನಾಗಿದ್ದಾನೆ. ಇವತ್ತು ಮೈಯೆಲ್ಲ ಹೊಗೆ ವಾಸನೆ.

"ಛಾಪಾ ಕಾಗದದ ಏಜೆಂಟನ್ನ ಸುಟ್ವಿ ಅಕ್ಕಾ!"

ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು.

"ಹುಲ್ಲಿನ ಗೊಂಬೆ ಮಾರಾಯ್ತಿ! ಅವನು ಚೆನ್ನಾಗೇ ಇದಾನೆ. ಕಿಟಕೀಲಿ ನಿಂತು ನೋಡ್ತಿದ್ದ."

ಇವರು ಒಳಗಿನಿಂದಲೇ ಗದರಿದರು. "ಇದೆಂಥ ಹುಡುಗಾಟ! ಕೇಳದೆ ತೆರಿಗೆ ಹಾಕೋದು ತಪ್ಪೇ, ಇಲ್ಲ ಅನ್ನಲ್ಲ. ರಾಜರಿಗೆ ಗೊತ್ತಾದ್ರೆ ಸರಿಮಾಡ್ತಾರೆ."

"ರಾಜನ ಮೇಲೆ ಯಾರಿಗೆ ಸಿಟ್ಟು ಭಾವ? ರಾಜನಿಗೆ ಜೈ ಅಂದೇ ಬೆಂಕಿ ಹಚ್ಚಿದ್ದು."

ಮೂರು ಜನವೂ ಒಂದೇ ಮಾತು ಆಡುತ್ತಿದ್ದೇವೆ. ಆದರೂ ಜಗಳದ ಧ್ವನಿ ಯಾಕೆ?

1766 ಮೇ 22

ಛಾಪಾ ಕಾಗದ ರದ್ದು! ಗಂಟೆ ಬಾರಿಸಿ ಬಾರಿಸಿ ಹಗ್ಗವೇ ಹರಿಯಿತು. ಕಡಲ ದಂಡೆಯಲ್ಲಿ ಬೆಂಕಿ ಹಾಕಿ ಊರೆಲ್ಲ ಸುತ್ತ ನಿಂತೆವು. ರಾಜನ ಆರೋಗ್ಯಕ್ಕೆಂದು ಕುಡಿದು ಕುಡಿದು ಜೇಬೆಜ್‌ನ ಆರೋಗ್ಯ ಕೆಟ್ಟಿದೆ. ಇವರ ಕಣ್ಣಲ್ಲಿ ನೀರು. "ಹೇಳಿರಲಿಲ್ವಾ ನಾನು?" ಎಂದು ನಾಲ್ಕಾರು ಸಲ ಹೇಳಿದರು.

ಮುಗಿಯಿತು, ಸದ್ಯ.

1768 ಆಗಸ್ಟ್ 9

ಮುಗಿದಿಲ್ಲ. ಈಗ ಗಾಜು, ಬಣ್ಣ, ಕಾಗದ, ಚಹಾದ ಮೇಲೆ ತೆರಿಗೆ. ಅಲ್ಲಿಂದ ಬಂದದ್ದು ಏನನ್ನೂ ಕೊಳ್ಳಬಾರದೆಂದು ಊರಿನ ನಿರ್ಧಾರ. ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ರಾಟೆ ಇಟ್ಟುಕೊಂಡು ಕೂತೆವು — ನಮ್ಮ ಬಟ್ಟೆ ನಾವೇ ನೇಯುವುದಂತೆ. ರಾಸ್ಪ್‌ಬೆರಿ ಎಲೆಯ ಕಷಾಯ ಕೊಟ್ಟೆ.

"ಇದನ್ನ ನಿಮ್ಮ ಹಸುಗೆ ಕೊಡಮ್ಮ, ಖುಷಿ ಪಡುತ್ತೆ," ಎಂದಳು ಪಕ್ಕದ ಮನೆಯ ಡಾರ್ಕಸ್ ಅಜ್ಜಿ. ಅವಳ ಮನೆಯಲ್ಲಿ ನಿಜವಾದ ಚಹಾ ಇದೆ, 'ಹೊಟ್ಟೆನೋವಿನ ಔಷಧಿ' ಎಂಬ ಚೀಟಿ ಅಂಟಿಸಿದ ಡಬ್ಬಿಯಲ್ಲಿ. ಈಚೆಗೆ ಅರ್ಧ ಊರಿಗೆ ಹೊಟ್ಟೆನೋವು.

ನಗು ಬಂತು. ಆಮೇಲೆ ಯೋಚನೆ ಬಂತು — ಮನೆಯೊಳಗೆ ಏನು ಕುಡಿಯುತ್ತೇನೆ ಎಂಬುದು ಯಾವಾಗಿನಿಂದ ಊರಿನ ವಿಷಯವಾಯಿತು?

1773 ಡಿಸೆಂಬರ್ 27

ವರ್ಷಗಳಿಂದ ಎಲ್ಲ ತಣ್ಣಗಿತ್ತು. ಉಳಿದ ತೆರಿಗೆ ತೆಗೆದರು, ಚಹಾದ್ದೊಂದನ್ನು ಇಟ್ಟುಕೊಂಡರು. ಈಗ ಬಾಸ್ಟನ್ನಿನಲ್ಲಿ ಹಡಗು ಹತ್ತಿ ಚಹಾದ ಪೆಟ್ಟಿಗೆಗಳನ್ನೆಲ್ಲ ಕಡಲಿಗೆ ಸುರಿದಿದ್ದಾರೆ.

ಜೇಬೆಜ್ ಊಟದ ಮುಂದೆ ಕೂತು ನಕ್ಕದ್ದೇ ನಕ್ಕದ್ದು. ಇವರು ಚಮಚ ಕೆಳಗಿಟ್ಟರು.

"ಯಾರ ಚಹಾ ಅದು?"

"ಲಂಡನ್ನಿನ ಕಂಪನೀದು ಭಾವ."

"ಇನ್ನೊಬ್ಬರ ಸಾಮಾನು ಹಾಳು ಮಾಡಿದವರನ್ನ ಏನಂತಾರೆ?"

"ನಮ್ಮ ಜೇಬಿಗೆ ಕೈ ಹಾಕಿದವರನ್ನ ಏನಂತಾರೆ, ಅದನ್ನ ಮೊದಲು ಹೇಳಿ!"

ತಟ್ಟೆ ಬಿಟ್ಟು ಎದ್ದು ಹೋದ. ಈ ಮನೆಯಲ್ಲಿ ಅವನು ಉಣ್ಣದೆ ಎದ್ದದ್ದು ಇದೇ ಮೊದಲು. ಇಬ್ಬರದೂ ಸರಿ ಅನಿಸಿತು ನನಗೆ. ಅದೇ ತೊಂದರೆ.

1774 ಸೆಪ್ಟೆಂಬರ್ 12

ಶಿಕ್ಷೆಯೆಂದು ಬಾಸ್ಟನ್ನಿನ ಬಂದರನ್ನೇ ಮುಚ್ಚಿಬಿಟ್ಟಿದ್ದಾರೆ. ಚಹಾ ಎಸೆದವರು ಕೆಲವರು, ಹಸಿದಿರುವವರು ಎಲ್ಲರೂ. ನಮ್ಮೂರಿನಿಂದ ಕುರಿ, ಜೋಳ ಕಳಿಸಿದರು. ಇವರು ತಾವಾಗಿಯೇ ನಮ್ಮ ಎರಡು ಒಳ್ಳೆಯ ಕುರಿಗಳನ್ನು ಹಿಂಡಿಗೆ ಸೇರಿಸಿ ಬಂದರು. ಜೇಬೆಜ್ ಬಂದು ಇವರ ಕೈ ಹಿಡಿದುಕೊಂಡ. ಹಾಯೆನಿಸಿತು.

ಸಂಜೆ ಮೈದಾನದಲ್ಲಿ ಗಂಡಸರ ಕವಾಯತು. ಕೋವಿ ಇಲ್ಲದವರ ಕೈಯಲ್ಲಿ ಕೋಲು.

"ಯಾರ ವಿರುದ್ಧ ಇದು?" ಎಂದೆ.

"ಯಾರ ವಿರುದ್ಧಾನೂ ಅಲ್ಲ ಅಕ್ಕ. ಸುಮ್ನೆ, ಇರಲಿ ಅಂತ."

"ನಾವು ರಾಜನ ಪ್ರಜೆಗಳು ಅಲ್ವೇನೋ?"

"ಹೌದು. ಅದಕ್ಕೇ. ರಾಜನ ಹೆಸರಲ್ಲಿ ರಾಜನ ಸೈನಿಕರನ್ನ ತಡೆಯೋದು." ಹೇಳಿ ತಾನೇ ತಲೆ ಕೆರೆದುಕೊಂಡ. "ಗಿರಣಿ ಈನಸ್ ವಿವರಿಸಿದಾಗ ಸರಿಯಾಗೇ ಕೇಳಿಸಿತ್ತು..."

1775 ಏಪ್ರಿಲ್ 21

ಗುಂಡು ಹಾರಿದೆ. ಬಾಸ್ಟನ್ ಬಳಿ, ಲೆಕ್ಸಿಂಗ್ಟನ್ ಎಂಬಲ್ಲಿ. ಸತ್ತವರು ರೈತರು. ಸೈನಿಕರೂ ಸತ್ತಿದ್ದಾರೆ. ಮೊದಲು ಹಾರಿಸಿದ್ದು ಯಾರು ಎಂದರೆ ಒಬ್ಬೊಬ್ಬರದು ಒಂದೊಂದು ಕಥೆ.

ಜೇಬೆಜ್ ಹೊರಟ. ರೊಟ್ಟಿ, ಚೀಸು, ಎರಡು ಜೊತೆ ಕಾಲುಚೀಲ ಕಟ್ಟಿಕೊಟ್ಟೆ. ಇವರು ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಯಾವುದಕ್ಕೆ ಎಂದು ಹೇಳಲಿಲ್ಲ.

1775 ಏಪ್ರಿಲ್ 23, ಭಾನುವಾರ

ನಮ್ಮದು ಇಂಗ್ಲೆಂಡಿನ ಚರ್ಚು; ನೆನಪಿರುವಾಗಿನಿಂದ ಅಲ್ಲಿ ಕೇಳಿದ ಪ್ರಾರ್ಥನೆ. ಇವತ್ತೇ ಕಿವಿಗೆ ಬಿತ್ತು: 'ರಾಜರಿಗೆ ಬಲ ಕೊಡು, ಅವರ ವೈರಿಗಳನ್ನೆಲ್ಲ ಅವರು ಗೆಲ್ಲುವಂತೆ ಮಾಡು.'

ವೈರಿಗಳು ಯಾರು? ಜೇಬೆಜ್?

ಆಮೆನ್ ಎನ್ನಬೇಕಿತ್ತು. ಅಂದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ.

1775 ನವೆಂಬರ್ 14

ಜೇಬೆಜ್ ರಜೆಯಲ್ಲಿ ಬಂದಿದ್ದಾನೆ. ಬಡಕಲು. ನಮ್ಮವರು ಕೊನೆಯದಾಗಿ ಕೈಮುಗಿದು ಬರೆದ ಅರ್ಜಿಯನ್ನು ರಾಜ ನೋಡಲೂ ಇಲ್ಲವಂತೆ; ನಾವೆಲ್ಲ ದಂಗೆಕೋರರೆಂದು ಸಾರಿದ್ದಾನಂತೆ.

"ಹತ್ತು ವರ್ಷದಿಂದ ಮಂತ್ರಿಗಳು ಕೆಟ್ಟವರು, ರಾಜ ಒಳ್ಳೆಯವನು ಅಂತಿದ್ವಿ. ಅವನೇ ಅಲ್ಲ ಅಂತಿದಾನಲ್ಲ ಭಾವ, ಈಗೇನು ಮಾಡೋದು?"

ಇವರು ಬೆಂಕಿ ಕೆದಕುತ್ತ ಕೂತರು, ಚೆನ್ನಾಗಿ ಉರಿಯುತ್ತಿದ್ದ ಬೆಂಕಿಯನ್ನು.

1776 ಜುಲೈ 20, ಶನಿವಾರ

ಸ್ವಾತಂತ್ರ್ಯದ ಘೋಷಣೆಯನ್ನು ಮೈದಾನದಲ್ಲಿ ಓದಿದರು. ಇನ್ನು ನಾವು ಇಂಗ್ಲೆಂಡಿಗೆ ಸೇರಿದವರಲ್ಲ. ನಮಗೆ ರಾಜನಿಲ್ಲ. ಕಾಗದದ ತೆರಿಗೆಯಿಂದ ಹೊರಟವರು ಇಲ್ಲಿಗೆ ಬಂದು ನಿಂತಿದ್ದೇವೆ. ನಡುವೆ ಎಲ್ಲಿ ತಿರುವು ತೆಗೆದುಕೊಂಡೆವು? ನಾನು ನೋಡಲೇ ಇಲ್ಲ.

ಮಧ್ಯಾಹ್ನ, ಈಗ ಊರಿನ ಆಡಳಿತ ಹಿಡಿದಿರುವ ಕಮಿಟಿಯ ಪರವಾಗಿ ಗಿರಣಿ ಈನಸ್ ಬಂದ. ಜೊತೆಗೆ ಜೇಬೆಜ್ — ಅವನ ದಳ ಈಗ ಊರ ಕಾವಲಿಗಿದೆ — ತಲೆ ತಗ್ಗಿಸಿಕೊಂಡು.

"ಪಾದ್ರಿಗಳೇ, ನಾಳೆಯಿಂದ ರಾಜನ ಹೆಸರು ಹೇಳೋ ಹಾಗಿಲ್ಲ. ಹೇಳಿದ್ರೆ ದ್ರೋಹ."

"ದೀಕ್ಷೆ ತಗೊಳ್ಳುವಾಗ ರಾಜನಿಗೆ ನಿಷ್ಠನಾಗಿರ್ತೀನಿ ಅಂತ ದೇವರ ಮುಂದೆ ಆಣೆ ಮಾಡಿದೀನಿ, ಈನಸ್. ನಿಮ್ಮ ಕಮಿಟಿ ಮುಂದೆ ಅಲ್ಲ."

"ಭಾವ, ಒಂದು ಸಾಲು. ಬರೀ ಒಂದು ಸಾಲು ನುಂಗಿಬಿಡಿ," ಎಂದ ಜೇಬೆಜ್. ಅಳುವ ಹಾಗಿದ್ದ. "ದೇವರಿಗೇನು ಗೊತ್ತಾಗಲ್ವಾ ನಿಮ್ಮ ಮನಸ್ಸಲ್ಲೇನಿದೆ ಅಂತ?"

ಅವರು ಹೋದ ಮೇಲೆ ನಾನೂ ಅದನ್ನೇ ಕೇಳಿಕೊಂಡೆ. ಇವರು "ಸರಿ," ಎಂದರು. ಅಷ್ಟೇ.

1776 ಜುಲೈ 21, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಚರ್ಚು ತುಂಬಿತ್ತು. ಈನಸ್ ಮೊದಲ ಬೆಂಚಿನಲ್ಲಿ. ಜೇಬೆಜ್ ಬಾಗಿಲಲ್ಲಿ, ಕೋವಿಯ ಜೊತೆ. ಪ್ರಾರ್ಥನೆಯಲ್ಲಿ ಆ ಜಾಗ ಬಂತು. ಪಾದ್ರಿ 'ಸ್ವಾಮಿ, ರಾಜನನ್ನು ಕಾಪಾಡು' ಎನ್ನಬೇಕು. ನಾವು 'ಕರೆದಾಗ ಕರುಣೆಯಿಂದ ಓಗೊಡು' ಎನ್ನಬೇಕು.

ಇವರು ಸುಮ್ಮನೆ ನಿಂತರು.

ಆಮೇಲೆ — ಯಾರು ಶುರುಮಾಡಿದರೋ — ಇಡೀ ಚರ್ಚು ಒಟ್ಟಿಗೆ ಹೇಳಿತು: 'ಕರೆದಾಗ ಕರುಣೆಯಿಂದ ಓಗೊಡು.' ಅಭ್ಯಾಸ! ಹುಟ್ಟಿದಾಗಿನಿಂದ ಹೇಳಿದ್ದು. ಡಾರ್ಕಸ್ ಅಜ್ಜಿ ಹೇಳಿದಳು, ನಾನು ಹೇಳಿದೆ, ಬಾಗಿಲಿಂದ ಜೇಬೆಜ್‌ನ ದನಿ ಎಲ್ಲಕ್ಕಿಂತ ಜೋರಾಗಿ ಬಂತು. ಈನಸ್‌ನ ತುಟಿಯೂ ಆಡಿತು, ಕಂಡೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಇವರು ಪುಸ್ತಕ ಮುಚ್ಚಿದರು. "ನೀವು ಓಗೊಟ್ಟಿರಿ. ಕರೆಯಬೇಕಾದವನು ನಾನು ಕರೆಯಲಿಲ್ಲ. ನನ್ನಿಂದ ಇದು ಆಗಲ್ಲ, ಕ್ಷಮಿಸಿ." ದನಿ ಎತ್ತಿ, ಸ್ಪಷ್ಟವಾಗಿ ಆ ಸಾಲು ಹೇಳಿದರು.

ಈ ಸಲ ಒಬ್ಬರೂ ಉತ್ತರಿಸಲಿಲ್ಲ. ಈನಸ್ ಎದ್ದು ನಿಂತು ಬಾಗಿಲ ಕಡೆ ಕೈ ಮಾಡಿದ. ಜೇಬೆಜ್ ಕೋವಿಯನ್ನು ಗೋಡೆಗೆ ಒರಗಿಸಿಟ್ಟು ನಡೆದು ಬಂದ. ಇವರ ತೋಳು ಹಿಡಿದು, "ಮೆಟ್ಟಿಲಿದೆ ಭಾವ, ನೋಡ್ಕೊಂಡು," ಎನ್ನುತ್ತ ಹೊರಗೆ ಕರೆದುಕೊಂಡು ಹೋದ.

ಚರ್ಚಿಗೆ ಬೀಗ ಬಿದ್ದಿದೆ. ಇವರು ಮನೆಯ ಅಂಗಳ ದಾಟುವಂತಿಲ್ಲ.

1776 ಆಗಸ್ಟ್ 10

ಜೇಬೆಜ್‌ನ ದಳ ಕೊಲ್ಲಿಯಾಚೆ ಲಾಂಗ್ ಐಲೆಂಡಿಗೆ ಹೋಯಿತು. ಹೋಗುವಾಗ ಬೇಲಿಯ ಬಳಿ ನಿಂತು ಕೂಗಿದ. "ನನಗೋಸ್ಕರ ಪ್ರಾರ್ಥನೆ ಮಾಡ್ತೀರಾ ಭಾವ?"

"ದಿನಾ ಮಾಡ್ತೀನಿ."

"ಯಾರ ಕಡೆಯಿಂದ?" ಎಂದು ನಕ್ಕ. ಇವರೂ ನಕ್ಕರು.

1776 ಸೆಪ್ಟೆಂಬರ್ 3

ಸೋಲು. ಐಲೆಂಡು ರಾಜನ ಸೈನ್ಯದ ಕೈಯಲ್ಲಿ. ಜೇಬೆಜ್ ಬರಲಿಲ್ಲ. ಸತ್ತದ್ದನ್ನು ಕಂಡವರಿಲ್ಲ. ಹಿಡಿದುಕೊಂಡು ಹೋದದ್ದನ್ನು ಒಬ್ಬ ಕಂಡನಂತೆ. ಸೆರೆಯವರನ್ನು ಹಳೆಯ ಹಡಗುಗಳ ತಳದಲ್ಲಿ, ಚರ್ಚುಗಳಲ್ಲಿ ತುಂಬಿದ್ದಾರಂತೆ, ಜ್ವರವಂತೆ.

ಹೊಸ ಸರ್ಕಾರಕ್ಕೆ ಆಣೆಯಿಡು, ಇಲ್ಲವೇ ಊರು ಬಿಡು — ಕಮಿಟಿ ಇವರಿಗೆ ಹೇಳಿದೆ.

"ಬಿಡ್ತೀನಿ," ಎಂದರು ಇವರು. "ಆ ಕಡೆ ನನ್ನ ಮಾತಿಗೆ ಬೆಲೆ ಇದೆ ಈಗ. ರಾಜನಿಗೋಸ್ಕರ ಹೊರಗೆ ಹಾಕಿಸ್ಕೊಂಡ ಪಾದ್ರಿ ನಾನು. ಹುಡುಕ್ತೀನಿ ಅವನನ್ನ."

"ನಾನೂ ಬರ್ತೀನಿ."

"ತಪ್ಪಿಸ್ಕೊಂಡು ತಾನೇ ಬಂದ್ರೆ? ಮನೇಲಿ ಯಾರಾದ್ರೂ ಇರ್ಬೇಕಲ್ಲ."

ಆ ಒಂದು ಸಾಲು ನುಂಗಿದ್ದರೆ ಇವರು ಇಲ್ಲೇ ಇರುತ್ತಿದ್ದರು. ನುಂಗದಿದ್ದುದರಿಂದಲೇ ಜೇಬೆಜ್ ಬದುಕಬಹುದು. ಯಾವುದಕ್ಕೆ ದೇವರಿಗೆ ಕೃತಜ್ಞತೆ ಹೇಳಲಿ?

1776 ಅಕ್ಟೋಬರ್ 19

ಜೇಬೆಜ್ ಬಂದ! ಮೀನಿನ ದೋಣಿಯಲ್ಲಿ. ಎಲುಬು, ಚರ್ಮ, ಗಡ್ಡ. ಗಂಜಿ ಕುಡಿದು ಮಲಗಿದ. ಮತ್ತೆ ಎದ್ದು ಗಂಜಿ ಕುಡಿದ.

"ಭಾವ ಚರ್ಚು ಚರ್ಚು ಹುಡುಕಿದ್ರಂತೆ. ರಾಜನ ಸೈನ್ಯದ ಸಾಹೇಬನ ಮುಂದೆ ನಿಂತು, ಇವನು ನನ್ನ ಮಗ ಅಂದ್ರು. ಪಾದ್ರಿ ಸುಳ್ಳು ಹೇಳಿದ್ರು ಅಕ್ಕಾ!"

ಸುಳ್ಳೇನಲ್ಲ, ಎಂದೆ.

ಇನ್ನು ಕೋವಿ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ಬಂದಿದ್ದಾನೆ. ಇವರು ಬರುವಂತಿಲ್ಲ. ಅಲ್ಲಿ ಒಂಟಿಯಾಗಿದ್ದಾರೆ, ಕೆಮ್ಮು ಹಿಡಿದಿದೆ.

1776 ಅಕ್ಟೋಬರ್ 30

ಈನಸ್ ಬಂದಿದ್ದ. ಉಳಿದವರೆಲ್ಲ ಸೆರೆಯಲ್ಲಿದ್ದಾರೆ, ನೀನು ಹೇಗೆ ಬಿಡುಗಡೆಯಾದೆ ಎಂದು ಜೇಬೆಜ್‌ನನ್ನು ಕೆದಕಿ ಕೆದಕಿ ಕೇಳಿದ. ಲೆಕ್ಸಿಂಗ್ಟನ್ ಸುದ್ದಿ ಬಂದ ದಿನವೇ ಹೊರಟವನನ್ನು!

"ಅಲ್ಲಿ ದಂಗೆಕೋರ, ಇಲ್ಲಿ ದ್ರೋಹಿ," ಎಂದ ಜೇಬೆಜ್. "ದೋಣಿ ಕಟ್ತೀನಿ, ಅಷ್ಟೇ. ದೋಣಿ ಯಾರನ್ನೂ ಏನೂ ಕೇಳಲ್ಲ."

ಇವರ ಬಳಿಗೆ ಹೋಗುತ್ತೇನೆ ಎಂದೆ. ಜೇಬೆಜ್ ಬೇಡ ಎನ್ನಲಿಲ್ಲ.

1776 ನವೆಂಬರ್ 4, ಬೆಳಿಗ್ಗೆ

ಕೊಲ್ಲಿಯ ಮೇಲೆ ಮಂಜು. ಒಳ್ಳೆಯದೇ. ದಾಟಿಸುವವನು ಜೇಬೆಜ್. ಸಿಕ್ಕಿಬಿದ್ದರೆ ಎರಡು ಕಡೆಯವರೂ ಬಿಡುವುದಿಲ್ಲ. ಬೇರೆ ಯಾರನ್ನಾದರೂ ಗೊತ್ತುಮಾಡು ಎಂದರೆ ಕೇಳಲಿಲ್ಲ.

ಆ ದಡದ ಕಾವಲಿನವನು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಕಲಿಸುತ್ತಿದ್ದಾನೆ. ಈ ಅಡುಗೆಮನೆಯಲ್ಲಿ ಕೂತು — ಜೇಬೆಜ್, ನನಗೆ!

"ಯಾರ ಕಡೆಯವಳು ನೀನು?" ದಪ್ಪ ದನಿಯಲ್ಲಿ ಕೇಳಿದ.

"ರಾಜನ ಕಡೆ."

"ನಡುಗಬಾರದು ಅಕ್ಕ. ಮುಖ ನೋಡಿ ಹೇಳು. ಇನ್ನೊಂದ್ಸಲ."

ಮುಖ ನೋಡಿದೆ. ಕೆನ್ನೆ ಇನ್ನೂ ತುಂಬಿಲ್ಲ. ಹೇಳಿದೆ.

"ಹಾಂ, ಹಂಗೆ," ಎಂದ. ನಕ್ಕ. ಕಣ್ಣೊರೆಸಿಕೊಂಡ. ಈಗ ಗಂಟು ಎತ್ತಿಕೊಂಡು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾನೆ. ಬಂದೆ, ಒಂದು ಸಾಲು ಬರೆದುಬಿಡುತ್ತೇನೆ ಎಂದೆ. ನಾನು ನಿಜವಾಗಿ ಯಾರ ಕಡೆ ಎಂದರೆ, ನಾನು —